ಅತ್ತೆಯ ಫೋನಿನಲ್ಲಿ ಅಕ್ಕನ ಸಂಸಾರ

ನನ್ನ ಅಕ್ಕನ ಗಂಡನಿಗೆ ಆಸ್ಟ್ರೇಲಿಯಾದ ವೀಸಾ ತಡವಾದದ್ದು ಅವರ ತಾಯಿಯಿಂದ ಎಂದು ಮಡಕಶಿರದ ನಮ್ಮ ಬೀದಿಯಲ್ಲಿ ಈಗಲೂ ಹೇಳುತ್ತಾರೆ. ಅವರ ಕತೆ ಹೀಗಿದೆ: ಅತ್ತೆ ಸೊಸೆಯನ್ನು ಮಗನ ಜೊತೆ ಮಾತಾಡಲು ಬಿಡಲಿಲ್ಲ, ಫೋನನ್ನು ತನ್ನ ಕೈಯಲ್ಲೇ ಇಟ್ಟುಕೊಂಡಳು, ಫೈಲು ನಿಂತುಹೋಯಿತು, ಕೊನೆಗೆ ನಮ್ಮ ಚಿಕ್ಕಪ್ಪ ರಾಯದುರ್ಗಕ್ಕೆ ಹೋಗಿ ಫೋನು ಬಿಡಿಸಿದರು, ವೀಸಾ ಬಂತು. ಕೇಳಲು ಚೆನ್ನಾಗಿದೆ. ಕೆಟ್ಟ ಅತ್ತೆ ಇದ್ದಾಳೆ, ಒಳ್ಳೆ ಚಿಕ್ಕಪ್ಪ ಇದ್ದಾರೆ, ಕೊನೆಗೊಂದು ವಿಮಾನವೂ ಇದೆ. ಆದರೆ ಇದರಲ್ಲಿ ನಿಜವಾದ ಮಾತು ಒಂದೇ. ಫೋನು ಅತ್ತೆಯದು. ಉಳಿದದ್ದೆಲ್ಲ ತಲೆಕೆಳಗು. ಆ ಫೈಲನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಜೋಡಿಸಿದವಳು ನಾನು. ಚಿಕ್ಕಪ್ಪ ಅದರ ಒಂದು ಹಾಳೆಯನ್ನೂ ಓದಿಲ್ಲ.

ಅಕ್ಕ ತುಮಕೂರಿನಲ್ಲಿ ನರ್ಸಿಂಗ್ ಓದಿ, ಈಗ ಆಸ್ಟ್ರೇಲಿಯಾದ ಒಂದು ಸಣ್ಣ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿನ ಕಾಯಂ ನಿವಾಸಿ, ಅಂದರೆ ಪಿ.ಆರ್., ಆದ ಮೇಲೆಯೇ ರಜೆ ಹಾಕಿ ಬಂದು ಮದುವೆಯಾದಳು. ಭಾವ ರಾಯದುರ್ಗದವರು. ಅಲ್ಲಿ ಮನೆಮನೆಯಲ್ಲೂ ಜೀನ್ಸ್ ಹೊಲಿಯುತ್ತಾರಲ್ಲ, ಅಂಥದ್ದೊಂದು ಯೂನಿಟ್ಟಿನಲ್ಲಿ ಕಟಿಂಗ್ ಮೇಸ್ತ್ರಿ. ಬಟ್ಟೆಯ ಥಾನುಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ರಟ್ಟಿನ ಅಚ್ಚಿಟ್ಟು, ಮೆಷಿನ್ನಿನಿಂದ ಒಂದೇ ಸಲ ಅಷ್ಟನ್ನೂ ಕತ್ತರಿಸುವ ಕೆಲಸ ಅವರದು. ಮಾತು ಕಡಿಮೆ, ಕೈ ಚುರುಕು.

ನಮ್ಮ ಕಡೆ ಜನ ತಿಳಿದಿರುವುದು ಏನೆಂದರೆ, ಗಂಡಹೆಂಡಿರ ವೀಸಾಕ್ಕೆ ಮದುವೆ ಸರ್ಟಿಫಿಕೇಟ್ ತೋರಿಸಿದರೆ ಮುಗಿಯಿತು. ನಾನು ಆಗ ಅನಂತಪುರದಲ್ಲಿ ಲಾ ಓದುತ್ತಿದ್ದೆ. ನಿಯಮಗಳನ್ನು ಓದುವ ಕೆಲಸ ನನ್ನ ತಲೆಗೆ ಬಂತು. ಮೊದಲ ದಿನವೇ ಒಂದು ವಿಷಯ ಸ್ಪಷ್ಟವಾಯಿತು. ಮದುವೆ ಆಗಿದೆ ಎನ್ನುವುದಕ್ಕೆ ಸರ್ಟಿಫಿಕೇಟ್ ಸಾಕು. ಮದುವೆ ನಡೆಯುತ್ತಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕು. ಹಣಕಾಸಿನಲ್ಲಿ ಇಬ್ಬರೂ ಹೇಗೆ ಸೇರಿದ್ದಾರೆ, ಮನೆ ಹೇಗೆ ನಡೆಸುತ್ತಾರೆ, ನಾಲ್ಕು ಜನ ಅವರನ್ನು ದಂಪತಿ ಎಂದು ಕಾಣುತ್ತಾರೋ ಇಲ್ಲವೋ, ಒಬ್ಬರಿಗೊಬ್ಬರು ಎಷ್ಟು ಬದ್ಧ. ಈ ನಾಲ್ಕನ್ನೂ ತೂಗಿ ನೋಡುತ್ತಾರೆ. ಅದೂ ಒಂದೇ ಸಲವಲ್ಲ. ಮೊದಲು ತಾತ್ಕಾಲಿಕ ವೀಸಾ. ಅರ್ಜಿ ಹಾಕಿ ಸುಮಾರು ಎರಡು ವರ್ಷವಾದ ಮೇಲೆ ಮತ್ತೆ ನೋಡಿ, ಸಂಬಂಧ ಇನ್ನೂ ಇದೆ ಅನ್ನಿಸಿದರೆ ಪರ್ಮನೆಂಟ್. ಅನುಮಾನ ಪಡುವುದನ್ನೇ ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟವರ ಮೇಲೆ ನನಗೆ ಸ್ವಲ್ಪ ಗೌರವವೂ ಬಂತು ಅನ್ನಿ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಮಾಡುತ್ತಿದ್ದುದೂ ಅದನ್ನೇ.

ಆದರೆ ಈ ನಾಲ್ಕರ ಪ್ರಕಾರ ನೋಡಿದರೆ ನಮ್ಮ ಅಕ್ಕ ಭಾವನ ಗತಿ ಏನು? ಮದುವೆಯಾದದ್ದು ಜ್ಯೇಷ್ಠದ ಕೊನೆಯಲ್ಲಿ. ಅಕ್ಕನಿಗೆ ರಜೆ ಸಿಕ್ಕಿದ್ದೇ ಆಗ. ಹಿಂದೆಯೇ ಆಷಾಢ ಬಂತು. ಹೊಸ ಸೊಸೆ ಅತ್ತೆಯ ಮನೆಯಲ್ಲಿ ಇರಬಾರದು, ಹೊಸ ಅಳಿಯ ಮಾವನ ಮನೆ ಹೊಸಿಲು ದಾಟಬಾರದು. ಅಕ್ಕ ಮಡಕಶಿರಕ್ಕೆ ವಾಪಸ್ ಬಂದಳು. ಭಾನುವಾರ ಭಾವ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿಕೊಂಡು ಬಂದು ನಮ್ಮ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂರುತ್ತಿದ್ದರು. ಅಕ್ಕ ಹೋಗುತ್ತಿದ್ದಳು, ಜೊತೆಗೆ ನಾನು. ಒಂದು ಟೇಬಲ್ಲಿಗೆ ಮೂವರು.

"ನಿಮ್ಮಕ್ಕಗ ಕೇಳ್ರಿ, ಚಾ ಕುಡೀತಾಳೋ ಕಾಫಿನೋ ಅಂತ," ಅನ್ನುತ್ತಿದ್ದರು ಭಾವ, ನನ್ನ ಮುಖ ನೋಡುತ್ತ.

ಅಕ್ಕ ನನ್ನ ಮುಖವನ್ನೇ ನೋಡಿ, "ಟೀ ಸಾಕು ಅಂತ ಹೇಳೇ," ಅನ್ನುತ್ತಿದ್ದಳು.

"ಇಲ್ಲೇ ಕೂತವ್ರಲ್ಲ, ನೀನೇ ಹೇಳು," ಎಂದರೆ ಟೇಬಲ್ಲಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದಳು.

ನಮ್ಮ ಕಡೆ ಹೊಸ ಗಂಡಹೆಂಡತಿ ಮನೆಯವರ ಎದುರು ಒಬ್ಬರಿಗೊಬ್ಬರು ನೇರ ಮಾತಾಡುವುದಿಲ್ಲ. ಮಾತು ಮೂರನೆಯವರ ಮೂಲಕ ಹೋಗುತ್ತದೆ, ಮೂರನೆಯವರ ಮೂಲಕವೇ ಬರುತ್ತದೆ. ಈ ಕಾಲದಲ್ಲಿ ಬಹಳ ಮನೆಗಳಲ್ಲಿ ಇದು ಸವೆದುಹೋಗಿದೆ. ಭಾವನ ಮನೆಯಲ್ಲಿ ಸವೆದಿರಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಆ ಮೂರನೆಯವಳು ನಾನಾಗಿದ್ದೆ. ಅಕ್ಕ ಆಸ್ಟ್ರೇಲಿಯಾಕ್ಕೆ ಹೋದ ಮೇಲೆ ಆ ಜಾಗಕ್ಕೆ ಅತ್ತೆ ಬಂದರು. ಅವರನ್ನು ನಾನೂ ಅತ್ತೆ ಎಂದೇ ಕರೆಯುವುದು.

ಅರ್ಜಿ ಹಾಕಿದ ಮೇಲೆ ಒಂದು ಸಲ ಕಾಗದಪತ್ರಕ್ಕೆಂದು ರಾಯದುರ್ಗಕ್ಕೆ ಹೋಗಿದ್ದೆ. ಅತ್ತೆಯ ಮನೆಯ ನಡುಮನೆಯಲ್ಲಿ ಸಂಜೆ ಹೊತ್ತಿಗೆ ಐದಾರು ಹೆಂಗಸರು ಕೂತು, ಹೊಲಿದು ಬಂದ ಜೀನ್ಸ್ ಪ್ಯಾಂಟುಗಳ ಉಳಿದ ದಾರ ಕತ್ತರಿಸುತ್ತಾರೆ. ಇಲ್ಲಿ ಟೀ ಹೊತ್ತು, ಅಲ್ಲಿ ಅಕ್ಕ ಊಟ ಮುಗಿಸಿ ಮಲಗುವ ಹೊತ್ತು. ಫೋನು ಬಂತು. ಅತ್ತೆ ಅದನ್ನು ಪ್ಯಾಂಟುಗಳ ಗುಡ್ಡೆಗೆ ಒರಗಿಸಿ ಸ್ಪೀಕರ್ ಹಾಕಿದರು.

"ಏನವ್ವಾ, ನಿಮ್ಮ ಟೋಪಿ ಅಜ್ಜ ಹೆಂಗದಾನ?" ಎಂದು ಶುರು ಮಾಡಿದ್ದು ಅತ್ತೆಯಲ್ಲ, ಎದುರುಮನೆಯಾಕೆ. ಅಕ್ಕ ನೋಡಿಕೊಳ್ಳುವ ಮುದುಕರಲ್ಲಿ ದಿನಾ ಟೋಪಿ ಕಳೆದುಕೊಳ್ಳುವವನೊಬ್ಬನಿದ್ದಾನೆ ಎಂಬುದು ಆ ನಡುಮನೆಗೆಲ್ಲ ಗೊತ್ತು.

"ಇವತ್ತು ಇನ್ನೊಬ್ರ ಟೋಪಿ ಹಾಕ್ಕೊಂಡು ಕೂತಿದ್ದ ಕಣಕ್ಕ. ಇದು ನಿಂದಲ್ಲ ತಾತ ಅಂದ್ರೆ, ನೀನ್ಯಾರು ಕೇಳಕ್ಕೆ ಅಂತಾನೆ."

"ಖರೇನೇ ಕೇಳ್ಯಾನ ಬಿಡು. ನೀ ಯಾರ ಅವನಿಗೆ?" ಎಂದಳು ಎದುರುಮನೆಯಾಕೆ. ಎಲ್ಲರೂ ನಕ್ಕರು.

ಹೀಗೆ ಅರ್ಧ ಗಂಟೆಗೂ ಮೇಲೆ ನಡೆಯಿತು. ಆಮೇಲೆ ಭಾವ ಯೂನಿಟ್ಟಿನಿಂದ ಬಂದು, ಕಾಲು ತೊಳೆದು, ಬಾಗಿಲಿಗೆ ಒರಗಿ ಟೀ ಹಿಡಿದು ನಿಂತರು. ಫೋನಿನ ಹತ್ತಿರ ಬರಲಿಲ್ಲ.

"ಅವ್ವಾ, ಮೊನ್ನೆ ಕಳಿಸಿದ ಪ್ಯಾಂಟು ಸರಿ ಆದುವೇನಂತ ಕೇಳು."

ಅತ್ತೆ ಕೇಳುವ ಮೊದಲೇ ಫೋನಿನಿಂದ ಉತ್ತರ ಬಂತು. "ಸೊಂಟದತ್ರ ಒಸಿ ಸಡ್ಲ ಅಂತ ಹೇಳಿ ಅತ್ತೆ."

"ಹಿಂದಿನ ಅಳತಿಗೇ ಹೊಲಿದೀನಿ. ಸಡ್ಲ ಯಾಕಾತು? ಉಣ್ಣಾಕತ್ಯಾಳೋ ಇಲ್ಲೋ ಕೇಳು."

"ಉಣ್ತೀನಿ ಅಂತ ಹೇಳಿ."

"ಸುಳ್ಳು ಅಂತ ಹೇಳವ್ವಾ."

ಎದುರುಮನೆಯಾಕೆ ಕತ್ತರಿ ಕೆಳಗಿಟ್ಟಳು. "ಏನಪಾ ಮೇಸ್ತ್ರಿ, ನಡುವ ನಿಮ್ಮವ್ವ ಏನ್ ಪೋಸ್ಟ್‌ಮ್ಯಾನಾ? ಪಗಾರ ಕೊಡ್ತೀಯೇನ್ ಆಕಿಗೆ?"

"ಕೊಡ್ಲಿ ಬಿಡು, ಬ್ಯಾಡ ಅಂದೋರ್ಯಾರು," ಎಂದರು ಅತ್ತೆ.

ಭಾವ ನಗುತ್ತ ಒಳಗೆ ಹೋದರು. ಅಕ್ಕನಿಗೆ ಮಾತ್ರ ಸೇರಿದ ಮಾತು ಅಂತ ಅವರು ಅಷ್ಟರಲ್ಲಿ ಆಡಿದ್ದು ಮೂರು. ಅವನ್ನೂ ಆಡಿದ್ದು ಅವ್ವನಿಗೆ. ಆದರೆ ಒಳಗೆ ಗೋಡೆಯ ಮೊಳೆಯಲ್ಲಿ ಅಕ್ಕನ ಅಳತೆಯ ರಟ್ಟಿನ ಅಚ್ಚು ತೂಗುತ್ತಿತ್ತು. ಟೀ ಲೋಟ ಇಟ್ಟವರೇ ಅದನ್ನು ಇಳಿಸಿ, ಸೊಂಟದ ಹತ್ತಿರ ಪೆನ್ಸಿಲಿನಿಂದ ಹೊಸ ಗೆರೆ ಎಳೆದರು.

ಇದಾದ ಕೆಲವು ತಿಂಗಳಿಗೆ ವೀಸಾ ಆಫೀಸಿನಿಂದ ಮೇಲ್ ಬಂತು. ಇನ್ನಷ್ಟು ಸಾಕ್ಷಿ ಕೊಡಿ ಎಂದು. ಬೇರೆಬೇರೆ ದೇಶದಲ್ಲಿರುವ ಈ ಇಬ್ಬರು ಪರಸ್ಪರ ಸಂಪರ್ಕದಲ್ಲಿದ್ದಾರೆ ಎನ್ನುವುದಕ್ಕೆ ಆಧಾರ ಬೇಕು. ಕಳಿಸಿದ ದಾಖಲೆಗಳಲ್ಲಿ ಗಂಡನ ನಂಬರಿಗೂ ಹೆಂಡತಿಯ ನಂಬರಿಗೂ ನಡುವೆ ಕರೆಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಿಜ. ಇರಲಿಲ್ಲ. ಹಿರಿಯರ ಫೋನು ಬಿಟ್ಟು ಗಂಡನ ಫೋನಿಗೆ ಮೊದಲು ಮಾಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗಾಗಿ ಮೊದಲ ದಿನ ಅತ್ತೆಯ ನಂಬರಿಗೆ ಮಾಡಿದ್ದೇ ಕಾಯಂ ಆಗಿತ್ತು. ಹಾಳೆಯ ಮೇಲೆ ನೋಡಿದರೆ ಅಕ್ಕ ಮದುವೆಯಾದದ್ದು ಅತ್ತೆಯನ್ನು.

ಉತ್ತರ ಕೊಡಲು ಗಡುವಿತ್ತು. ತಪ್ಪಿದರೆ ಇದ್ದಷ್ಟರ ಮೇಲೆಯೇ ತೀರ್ಮಾನ. ಅಂದರೆ ಬಹುಪಾಲು ವೀಸಾ ಇಲ್ಲ ಎಂದೇ. ಅಕ್ಕ ಅಲ್ಲಿ, ಭಾವ ಇಲ್ಲಿ, ನಡುವೆ ಇದು ಮದುವೆಯೇ ಅಲ್ಲ ಅಂತ ಒಂದು ಕಾಗದ.

ಚಿಕ್ಕಪ್ಪ ಈ ಕತೆಯೊಳಗೆ ಬಂದದ್ದು ಆಗ. ಅಪ್ಪ ಹೋದ ಮೇಲೆ ಮನೆಯ ದೊಡ್ಡ ಮಾತೆಲ್ಲ ಅವರದೇ. ಮೊದಲು ಅವರು ಹೇಳಿದ ಉಪಾಯ ಬೇರೆ.

"ಏನಮ್ಮ, ಇಬ್ರ ಫೋನು ತಗೊಂಡು ಒಂದಿನ ಕೂತು ಮೆಸೇಜ್ ಹೊಡೀರಿ. ಐ ಲವ್ ಯೂ, ಮಿಸ್ ಯೂ, ಏನೋ ಒಂದು. ತಾರೀಖು ಹಿಂದಕ್ಕಾಕೋಕೆ ಯಾವನಾದ್ರೂ ಹುಡುಗ್ನ ಹಿಡ್ಕೊಂಬತ್ತೀನಿ."

"ಚಿಕ್ಕಪ್ಪ, ಸುಳ್ಳು ಸಾಕ್ಷಿ ಕೊಟ್ಟು ಸಿಕ್ಕಿಬಿದ್ರೆ ಇದೊಂದು ಅರ್ಜಿ ಹೋಗಲ್ಲ, ಮುಂದಿನ ಅರ್ಜಿಗಳೂ ಹೋಗ್ತವೆ. ಅದು ಬಿಡಿ. ಭಾವ ಐ ಲವ್ ಯೂ ಅಂತ ಬರೆದ್ರೆ ನಾನೇ ನಂಬಲ್ಲ, ಆಫೀಸಿನೋರು ನಂಬ್ತಾರಾ?"

"ಹಂಗಾದ್ರೆ ಆ ಯಮ್ಮನತ್ರ ಫೋನು ಕಿತ್ಕೋಬೇಕು. ಅವ್ಳೇ ಕೂತವ್ಳೆ ಅಡ್ಡಗಾಲು ಹಾಕ್ಕೊಂಡು."

ಕಿತ್ತುಕೊಳ್ಳುವಂಥದ್ದೇನೂ ಇರಲಿಲ್ಲ. ಚಿಕ್ಕಪ್ಪ ರಾಯದುರ್ಗಕ್ಕೆ ಹೋಗಿ, ಇನ್ನು ಮೇಲೆ ಹುಡುಗಿ ಗಂಡನ ಫೋನಿಗೇ ಮಾಡ್ತಾಳೆ, ಯಾರೂ ಹತ್ತಿರ ಇರಬಾರದು, ಸರ್ಕಾರದವರು ಹಾಗೆ ಕೇಳಿದ್ದಾರೆ ಎಂದರು. "ಆತ್ರಿ, ಅದಕ್ಕೇನಂತ," ಎಂದರು ಅತ್ತೆ. ಮರುದಿನದಿಂದ ಆ ಹೊತ್ತಿಗೆ ಪ್ಯಾಂಟಿನ ಗುಡ್ಡೆಯನ್ನು ಹಿತ್ತಲಿಗೆ ಹೊತ್ತು, ಹೆಂಗಸರನ್ನೂ ಅಲ್ಲಿಗೇ ಕರೆದುಕೊಂಡು ಹೋಗಿ ಕೂತರು. ಅಡ್ಡಗಾಲು ಹಾಕಿದವರು ಹೀಗೆ ಎದ್ದು ಹೋಗುತ್ತಾರೆಯೇ? ನಮ್ಮ ಬೀದಿಯವರು ಇದಕ್ಕೆ ಉತ್ತರ ಹೇಳುವುದಿಲ್ಲ.

ಮೊದಲ ಖಾಸಗಿ ಕರೆಯ ವರದಿಯನ್ನು ಅಕ್ಕನೇ ನನಗೆ ಕೊಟ್ಟಳು.

"ಹಲೋ ಅಂದ್ರು ಕಣೆ. ನಾನೂ ಹಲೋ ಅಂದೆ. ಆಮೇಲೆ ಅವ್ವ ಇಲ್ಲ ಅಂದ್ರು."

"ಅವ್ವ ಇಲ್ಲ ಅಂದ್ರೆ?"

"ಅವ್ವ ಹಿತ್ಲಾಗವಳೆ, ಕರೀಲಾ ಅಂದ್ರು. ಬ್ಯಾಡ ಅಂದೆ. ಊಟ ಆತಾ ಅಂದ್ರು. ಆಯ್ತು ಅಂದೆ. ಸರಿ ಮತ್ತ ಅಂದ್ರು."

"ಅಷ್ಟೇನಾ?"

"ಅಷ್ಟೇ. ನಗಬ್ಯಾಡ ಕಣೆ, ನಂಗೆ ಅಳು ಬತ್ತೈತೆ."

ನಾನು ನಕ್ಕಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಎರಡು ವಾರ ಕಳೆದು ಕರೆಗಳ ದಾಖಲೆ ತೆಗೆಸಿ ನೋಡಿದಾಗ ನಗು ನಿಂತಿತು. ಎರಡು ನಿಮಿಷ. ಒಂದೂವರೆ ನಿಮಿಷ. ಮತ್ತೆ ಎರಡು. ಮೊದಲು ದಿನಾ ಅರ್ಧ ಗಂಟೆ, ಮುಕ್ಕಾಲು ಗಂಟೆ ನಡೆಯುತ್ತಿದ್ದ ಸಂಸಾರ ಈಗ ಬಸ್ಸಿನಲ್ಲಿ ಎದುರಾದ ಪರಿಚಯದವರ ಮಾತಿನಷ್ಟಕ್ಕೆ ಇಳಿದಿತ್ತು. ಇದನ್ನು ಕಳಿಸಿದರೆ, ನೀವು ಕೇಳಿದ್ದೇ ಸರಿ, ಇವರಿಗೆ ಆಡಲು ಮಾತೇ ಇಲ್ಲ ಎಂದು ನಾವೇ ಒಪ್ಪಿಕೊಂಡ ಹಾಗೆ. ಚಿಕ್ಕಪ್ಪ ಬಿಡಿಸಿದ ಫೋನು ವೀಸಾ ತರಲಿಲ್ಲ. ಇದ್ದ ಅಷ್ಟಿಷ್ಟು ಆಧಾರವನ್ನೂ ಕಳೆಯುವುದರಲ್ಲಿತ್ತು.

ಚರ್ಚೆಯಲ್ಲಿ ಎದುರಾಳಿ ಒಂದು ಪ್ರಶ್ನೆ ಕೇಳಿದರೆ ಉತ್ತರಕ್ಕೆ ಓಡಬಾರದು. ಪ್ರಶ್ನೆಯ ಒಳಗೆ ಅವನು ಏನನ್ನು ಹೇಳದೆ ನಂಬಿಕೊಂಡಿದ್ದಾನೆ ಅಂತ ಮೊದಲು ನೋಡಬೇಕು. ಆಫೀಸಿನವರು ನಂಬಿಕೊಂಡದ್ದು ಇಷ್ಟು: ಗಂಡಹೆಂಡತಿ ಮಾತಾಡಿದರೆ ಇಬ್ಬರೇ ಮಾತಾಡುತ್ತಾರೆ. ಇದು ಅವರ ತಪ್ಪಲ್ಲ, ಅವರು ಕಂಡದ್ದು ಹಾಗೆ. ಆದರೆ ಅವರ ನಿಯಮದಲ್ಲಿ ಎಲ್ಲಿಯೂ ಇಬ್ಬರೇ ಇರಬೇಕು ಅಂತ ಬರೆದಿಲ್ಲ. ನಾನು ಎರಡೆರಡು ಸಲ ಓದಿದೆ. ನಾಲ್ಕು ಜನ ಅವರನ್ನು ದಂಪತಿ ಎಂದು ಕಾಣಬೇಕು ಅಂತ ಮಾತ್ರ ಬರೆದಿದೆ. ನಾಲ್ಕಲ್ಲ, ಒಂದು ನಡುಮನೆಯಷ್ಟು ಜನ ದಿನಾ ಕಂಡಿದ್ದಾರೆ. ಆ ನಡುಮನೆಯನ್ನು ನಾವು ಅಡಗಿಸಲು ಹೊರಟಿದ್ದೆವು, ಅದನ್ನೇ ಮುಂದಿಡಬೇಕಿತ್ತು.

ಮರುದಿನ ರಾಯದುರ್ಗಕ್ಕೆ ಹೋದೆ. "ಅತ್ತೆ, ಗುಡ್ಡೆ ಒಳಗೆ ತಗೊಂಬನ್ನಿ. ಫೋನು ನಿಮ್ಮತ್ರನೇ ಇರ್ಲಿ," ಅಂದೆ.

"ನಿಮ್ಮ ಚಿಕ್ಕಪ್ಪ ಬ್ಯಾರೆ ಹೇಳಿ ಹೋದ್ರಲ್ಲ?"

"ಅವ್ರು ಫೈಲು ಓದಿಲ್ಲ."

"ನೀ ಓದೀಯೇನು? ಆತು ಹಂಗಾದ್ರ." ಎದುರುಮನೆಯಾಕೆಗೆ ಕೂಗಿದರು. "ಬಾರವ್ವಾ, ಒಳಗ! ಸಣ್ಣಾಕಿ ಬಂದಾಳ, ಸರ್ಕಾರ ಬದಲಾತು!"

ಅತ್ತೆಯಿಂದ ಹೇಳಿಕೆ ಬರೆದುಕೊಳ್ಳಲು ಕೂತೆ. ವಕೀಲರ ಹಾಗೆ ಕೇಳಿದೆ: "ಇವ್ರಿಬ್ರೂ ನಿಜವಾಗಿ ಗಂಡ ಹೆಂಡ್ತಿ ಅಂತ ನಿಮ್ಗೆ ಹೆಂಗೆ ಗೊತ್ತು?"

"ಏನವ್ವಾ ಲಾಯರಮ್ಮ, ಇದೂ ಒಂದು ಪ್ರಶ್ನೆ ಏನು? ಮುಂದ ನಿಂತು ಮದಿವಿ ಮಾಡೀನಿ."

"ಮದುವೆ ಬಿಡಿ ಅತ್ತೆ. ಆಮೇಲಿಂದು ಹೇಳಿ."

ಅತ್ತೆ ದಾರ ಕತ್ತರಿಸುತ್ತಲೇ ಹೇಳಿದರು. "ನೋಡು, ಆಕಿ ಅಲ್ಲಿ ಕೆಮ್ಮಿದ್ಲು ಅಂದ್ರ ಇವ ಇಲ್ಲಿ ಚಾ ಅರ್ಧಕ್ಕ ಬಿಡ್ತಾನ. ಬಾಯಿ ಬಿಟ್ಟು ಕೇಳಂಗಿಲ್ಲ. ನನ್ ಮಾರಿ ನೋಡ್ತಾನ. ನಾ ಕೇಳ್ತೀನಿ. ಆಕಿ ಹೇಳ್ತಾಳ. ಆಮ್ಯಾಲ ಚಾ ಕುಡೀತಾನ. ಬರ್ಕೋ."

ಬರೆದುಕೊಂಡೆ. ಎದುರುಮನೆಯಾಕೆ ತನ್ನದನ್ನೂ ಬರೆದುಕೊಳ್ಳಲು ಹಟ ಮಾಡಿದಳು: "ಇವರಿಬ್ರ ಜಗಳಾನೂ ನಾನ ಕೇಳೀನಿ. ಬರಿ. ಹಬ್ಬಕ್ಕ ಸೀರಿ ಕಳಿಸಿದ್ದು ಬಣ್ಣ ಸರಿ ಇಲ್ಲಂತ ಆಕಿ ನಮ್ಮ ಮುಂದನ ಅಂದಿದ್ಲು. ಮೂರು ದಿನ ಮೇಸ್ತ್ರಿ ಬಾಗಿಲಿಗೆ ಬರಲಿಲ್ಲ. ಜಗಳಾಡದವರು ಗಂಡ ಹೆಂಡ್ತಿ ಹೆಂಗಾಗ್ತಾರ?" ಇಷ್ಟು ಗಟ್ಟಿ ವಾದ ನನ್ನ ಕಾಲೇಜಿನಲ್ಲಿ ಯಾರೂ ಮಂಡಿಸಿದ್ದು ನೆನಪಿಲ್ಲ. ಅದನ್ನೂ ಇಂಗ್ಲಿಷಿಗೆ ಮಾಡಿ ಹಾಕಿದೆ. ಅಕ್ಕನ ಜೊತೆ ಒಂದೇ ಮನೆಯಲ್ಲಿರುವ ಅಲ್ಲಿನ ನರ್ಸೊಬ್ಬಳು ತಾನೂ ಒಂದು ಹೇಳಿಕೆ ಕೊಟ್ಟಳು: ಮಾತು ನನಗೆ ಅರ್ಥವಾಗುವುದಿಲ್ಲ, ತುಂಬಾ ಹೆಂಗಸರ ದನಿ ಕೇಳಿಸುತ್ತದೆ, ಕೊನೆಗೊಂದು ಗಂಡಸಿನ ದನಿ ಬರುತ್ತದೆ, ಆಗ ಈಕೆ ಎದ್ದು ಕೂರುತ್ತಾಳೆ.

ಗೋಡೆಯ ರಟ್ಟಿನ ಅಚ್ಚಿನ ಫೋಟೊ ತೆಗೆದೆ. ಅತ್ತೆಯ ನಂಬರಿನ ಅಷ್ಟೂ ಕರೆಗಳ ದಾಖಲೆ ಇಟ್ಟೆ. ಎಲ್ಲದರ ಮೇಲೆ ಒಂದು ವಿವರಣೆ ಬರೆದೆ. ಅದರಲ್ಲಿ ಕ್ಷಮೆ ಕೇಳಲಿಲ್ಲ, ನಮ್ಮ ಸಂಪ್ರದಾಯ ದೊಡ್ಡದು ಅಂತ ಕೊಚ್ಚಿಕೊಳ್ಳಲೂ ಇಲ್ಲ. ಈ ಮನೆಯಲ್ಲಿ ಗಂಡಹೆಂಡತಿಯ ಮಾತು ಹೀಗೆ ನಡೆಯುತ್ತದೆ, ಇದು ಯಾರ ಫೋನು, ಯಾರು ಕೂತಿರುತ್ತಾರೆ, ಯಾರು ಎಲ್ಲಿ ನಿಂತಿರುತ್ತಾರೆ, ಇಷ್ಟೇ. ಎರಡು ನಿಮಿಷದ ಖಾಸಗಿ ಕರೆಗಳನ್ನೂ ಸೇರಿಸಿದೆ. ಚಿಕ್ಕಪ್ಪ ಬೇಡವೆಂದರು. ಆದರೆ ಇಬ್ಬರನ್ನೇ ಬಿಟ್ಟಾಗ ಏನಾಯಿತೆಂದು ಆಫೀಸಿನವರೂ ನೋಡಲಿ, ಅದೇ ನನ್ನ ವಾದದ ಅರ್ಧ ಎಂದೆ.

ಕೆಲವು ತಿಂಗಳಾದ ಮೇಲೆ ತಾತ್ಕಾಲಿಕ ವೀಸಾ ಬಂತು. ಮಡಕಶಿರದಲ್ಲಿ ಚಿಕ್ಕಪ್ಪ ಸ್ವೀಟ್ ಹಂಚಿದರು, ಕತೆಯನ್ನೂ ಹಂಚಿದರು. ನಾನು ಸಿಕ್ಕವರಿಗೆಲ್ಲ ತಿದ್ದಿ ಹೇಳಿದೆ. ಕೇಳಿದವರು ತಲೆಯಾಡಿಸಿ, ಅದೇನೇ ಇರಲಿ ಆ ಅತ್ತೆ ಗಟ್ಟಿಗಿತ್ತಿ ಅನ್ನುತ್ತಾರೆ. ತಿದ್ದುವುದನ್ನು ನಾನಿನ್ನೂ ಬಿಟ್ಟಿಲ್ಲ.

ಭಾವ ಹೊರಡುವುದು ಬರುವ ವಾರ. ಮೊನ್ನೆ ರಾಯದುರ್ಗಕ್ಕೆ ಹೋಗಿದ್ದೆ. ಸೂಟ್‌ಕೇಸಿನ ಒಳಗೆ ತಳದಲ್ಲಿ ಅಕ್ಕನ ಅಚ್ಚನ್ನು ಮಡಿಸದೆ ಹಾಸಿದ್ದರು, ಮೇಲೆ ಕತ್ತರಿ. ಅತ್ತೆ ಆಗಲೇ ಹೊಸ ಏರ್ಪಾಡು ಮಾಡಿಕೊಂಡಿದ್ದರು. "ಇನ್ನ ಮ್ಯಾಲ ಅವರಿಬ್ರೂ ಆ ಕಡಿ, ನಾವೆಲ್ಲ ಈ ಕಡಿ. ಟೋಪಿ ಅಜ್ಜನ ಸುದ್ದಿ ಇಬ್ರೂ ಸೇರಿ ಹೇಳ್ಬೇಕು ನಮಗ," ಎಂದರು. ಭಾವ ಬಾಗಿಲಲ್ಲಿ ನಿಂತು ಟೀ ಕುಡಿಯುತ್ತಿದ್ದರು. "ಅವ್ವಾ, ಅಲ್ಲಿ ಚಳಿ ಎಷ್ಟೈತಂತ ಕೇಳು," ಎಂದರು. ಫೋನು ಆ ಹೊತ್ತಿಗೆ ಇನ್ನೂ ಬಂದೇ ಇರಲಿಲ್ಲ.

ನಿನ್ನೆ ಅಕ್ಕ ನನ್ನ ನಂಬರಿಗೇ ಮಾಡಿದಳು. ಖುಷಿಯಲ್ಲಿದ್ದಳು. ಇಬ್ಬರಿಗೆಂದು ಬೇರೆ ಮನೆ ಹಿಡಿದಿದ್ದಾಳೆ, ಎರಡು ಕೋಣೆ, ಹಿಂದೆ ಬಟ್ಟೆ ಒಣಗಿಸಲು ಜಾಗ. ಊರಿನಲ್ಲಿ ಬಟ್ಟೆ ತಿದ್ದಿಕೊಡುವ ಅಂಗಡಿಯೊಂದರಲ್ಲಿ ಭಾವನಿಗಾಗಿ ಮಾತಾಡಿಟ್ಟಿದ್ದಾಳೆ.

"ಪರ್ಮನೆಂಟ್‌ಗೂ ನೀನೇ ಬರೀಬೇಕು ಕಣೆ," ಎಂದಳು. "ಮತ್ತೆ ಕೇಳ್ತಾರಲ್ಲ, ಸಂಬಂಧ ಹೆಂಗೈತೆ, ಏನ್ ಕತೆ ಅಂತ."

"ಬರೀತೀನಿ. ಗೆಲ್ತೀನಿ ಕೂಡ."

"ಗೊತ್ತು ಬಿಡೇ."

"ಆದ್ರೆ ಈ ಸಲ ನಡುಮನೆ ಇರಲ್ಲ. ಅತ್ತೆ ಇರಲ್ಲ, ಎದುರುಮನೆಯಾಕೆ ಇರಲ್ಲ, ನಾನೂ ಇರಲ್ಲ. ಒಂದು ಕೇಳ್ತೀನಿ, ಫೈಲಿಗಲ್ಲ, ನಂಗೆ."

"ಕೇಳು."

"ಸಂಜೆ ಅವ್ರು ಕೆಲಸ ಮುಗಿಸ್ಕೊಂಡು ಬತ್ತಾರೆ. ಬಾಗಿಲಿಗೆ ಒರಗಿ ನಿಂತ್ಕೊಂತಾರೆ. ಕೈಯಾಗೆ ಟೀ. ಮನೇಲಿ ನೀವಿಬ್ರೇ. ಟೀ ಸರಿಯಾಗೈತಾ ಅಂತ ನೀನು ಕೇಳ್ಬೇಕು ಅಂದ್ಕೋ. ಯಾರ ಮುಖ ನೋಡ್ಕೊಂಡು ಕೇಳ್ತೀಯಕ್ಕ?"